ಸೋಮವಾರ ಅತ್ತೆ ಜಗಳ ಆಡುತ್ತಿರಲಿಲ್ಲ

ನಮ್ಮ ಮನೆಯಲ್ಲಿ ಜಗಳಕ್ಕೆ ಒಂದು ಜಾಗವಿತ್ತು. ಪಡಸಾಲೆಯಿಂದ ಕೇರಿಗೆ ಇಳಿಯುವ ಮೂರು ಕಲ್ಲಿನ ಮೆಟ್ಟಿಲುಗಳಲ್ಲಿ ನಡುವಿನದು. ಮೇಲಿನ ಮೆಟ್ಟಿಲ ಮೇಲೆ ನಿಂತು ಬೈದರೆ ಅದು ಮನೆಯೊಳಗಿನವರಿಗೆ ತಾಗುತ್ತದೆ, ಕೆಳಗಿನದಕ್ಕೆ ಇಳಿದರೆ ಎದುರಿನವರ ಮೈಮೇಲೆ ಏರಿ ಹೋದ ಹಾಗಾಗುತ್ತದೆ ಎಂದು ನನ್ನ ಸೋದರತ್ತೆ ಹಾಲಮ್ಮ ಹೇಳುತ್ತಿದ್ದಳು. ಹೇಳುತ್ತಿದ್ದಳೋ, ಅವಳು ಸದಾ ಅಲ್ಲೇ ನಿಲ್ಲುತ್ತಿದ್ದುದನ್ನು ನೋಡಿ ಆ ಕಾರಣವನ್ನು ನಾನೇ ಆಮೇಲೆ ಹೊಂದಿಸಿಕೊಂಡೆನೋ, ಈಗ ಹೇಳಲಾರೆ. ಹೈಸ್ಕೂಲು ಸೇರಿದ ವರ್ಷದಿಂದ ದಿನಚರಿ ಬರೆದಿದ್ದೇನೆ. ತೆರೆದು ನೋಡಿದಾಗಲೆಲ್ಲ ನೆನಪು ಹೇಳುವುದೊಂದು, ಅಲ್ಲಿ ಬರೆದಿರುವುದೊಂದು. ದಿನಚರಿಯೇ ನಿಜ ಎಂದೂ ಅನ್ನಲಾರೆ. ಅದನ್ನು ಬರೆದವಳು ಹದಿನಾರು ವರ್ಷದ, ಬೇಗ ಮುನಿಸಿಕೊಳ್ಳುವ ಹುಡುಗಿ. ಆದರೆ ನಡುವಿನ ಮೆಟ್ಟಿಲು ಮಾತ್ರ ನಿಜ. ಉಳಿದೆರಡಕ್ಕಿಂತ ಅದು ಹೆಚ್ಚು ಸವೆದಿತ್ತು.

ನ್ಯಾಮತಿಯ ಸಂತೆ ಮೈದಾನದ ಹಿಂದಿನ ಕೇರಿಯಲ್ಲಿ ನಮ್ಮದು ಉದ್ದನೆಯ, ಬೆಳಕು ಕಡಿಮೆಯ ಮನೆ. ಪಡಸಾಲೆ ಅಪ್ಪಾಜಿಯದು. ಅಲ್ಲಿ ಅವರ ಓರೆ ಮೇಜು, ಮಸಿ ಬಾಟಲಿ, ಕಾಗದದ ಕಟ್ಟುಗಳು. ಹೊನ್ನಾಳಿಯ ನೋಂದಣಿ ಕಚೇರಿಯ ಮುಂದೆ ಕೂತು ಜನರಿಗೆ ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವುದು ಅವರ ಕೆಲಸ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಬಹಳ ಕಡಿಮೆ ಮಾತು. ಅಡುಗೆಮನೆ ಅವ್ವನದು. ನಡುಮನೆ ಮತ್ತು ಬೀದಿ ಎರಡೂ ಅತ್ತೆಯವು. ಅತ್ತೆ ಅಪ್ಪಾಜಿಯ ಅಕ್ಕ. ಜಗಳೂರಿಗೆ ಕೊಟ್ಟಿದ್ದರು, ನಾನು ಹುಟ್ಟುವ ಮೊದಲೇ ಒಂದು ಟ್ರಂಕು ಹಿಡಿದು ವಾಪಸು ಬಂದಿದ್ದಳು. ಆ ಊರಿನ ಹೆಸರು ಹಿಡಿದು ಕೇರಿಯವರು ಮಾಡುತ್ತಿದ್ದ ತಮಾಷೆಯನ್ನು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಅದು ಹಿಡಿಸುತ್ತಿರಲಿಲ್ಲ. ಯಾಕೆ ಬಂದಳು ಎಂದು ನಾನು ಕೇಳಿದಾಗ ಅವ್ವ ಮಾತು ಬದಲಿಸುತ್ತಿದ್ದಳು, ಅಪ್ಪಾಜಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅತ್ತೆಯ ಜಗಳಕ್ಕೆ ಒಂದು ಕ್ರಮವಿತ್ತು. ಕೈಯಲ್ಲಿ ಕೊಡವಿದ್ದರೆ ಮೊದಲು ಅದನ್ನು ಕೆಳಗಿಡುವಳು. ಸೆರಗು ಸಿಕ್ಕಿಸಿಕೊಂಡು, ಕೇರಿಗೆಲ್ಲ ಕೇಳುವ ಹಾಗೆ, ಆದರೆ ಸಿಟ್ಟಿಲ್ಲದೆ, "ಯಾತಕ್ಕೆ ಅಂತ ಮೊದಲು ಹೇಳ್ತೀನಿ" ಎನ್ನುವಳು. ಎರಡು ಮೂರು ಮಾತಿನಲ್ಲಿ ಕಾರಣ ಹೇಳಿ ಮುಗಿಸಿದ ಮೇಲೆಯೇ ದನಿ ಏರುತ್ತಿದ್ದುದು. ಎದುರಿನವರೂ ತಮ್ಮ ಕಾರಣ ಹೇಳಬೇಕು. ಹೇಳದೆ ಬರಿದೇ ಕೂಗಾಡಿದರೆ ಅವಳು ಕೈ ತಿರುವಿ ಒಳಗೆ ಬಂದುಬಿಡುತ್ತಿದ್ದಳು. ಮಗುವನ್ನು ಎತ್ತಿಕೊಂಡವರ ಜೊತೆ ಆಡುತ್ತಿರಲಿಲ್ಲ. ಒಲೆಯ ಮೇಲೆ ರೊಟ್ಟಿ ಇದ್ದಾಗ ಅವ್ವನ ಜೊತೆಯೂ ಆಡುತ್ತಿರಲಿಲ್ಲ. ಅವರಿಬ್ಬರಿಗೂ ರೊಟ್ಟಿಯ ದಪ್ಪದ ವಿಷಯಕ್ಕೆ ವರ್ಷಗಟ್ಟಲೆ ವ್ಯಾಜ್ಯ. ಅವ್ವನದು ಕಾಗದದಂತೆ ತೆಳ್ಳಗೆ, ಅತ್ತೆಗೆ ಅದು ರೊಟ್ಟಿಯೇ ಅಲ್ಲ. ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವವರೆಗೆ ಇಬ್ಬರೂ ತುಟಿ ಬಿಗಿದು ಕಾಯುತ್ತಿದ್ದರು, ಇಳಿದ ಕ್ಷಣವೇ ಶುರು. ಏನೇ ಆದರೂ ದೀಪ ಹಚ್ಚುವುದರೊಳಗೆ ಮಜ್ಜಿಗೆ. ಯಾರ ಜೊತೆ ಜಗಳವಾಡಿದಳೋ ಅವರ ಮನೆಗೆ ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹೋಗಿ ಕೊಟ್ಟು, ಒಂದು ಮಾತೂ ಆಡದೆ ಬರುವಳು. ಅವರು ತೆಗೆದುಕೊಂಡರೆ ಜಗಳ ಮುಗಿದಂತೆ. ಅವ್ವನಿಗಾದರೆ ಮಜ್ಜಿಗೆಯನ್ನು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು, ಬೇರೆ ಮನೆಗೆ ಬಂದವಳ ಹಾಗೆ ಕೆಮ್ಮುತ್ತಿದ್ದಳು.

ಸೋಮವಾರ ಮಾತ್ರ ಜಗಳವಿಲ್ಲ. ಅವತ್ತು ಅವಳದು ಒಪ್ಪತ್ತು. ಹಣೆಗೆ ಅಗಲವಾಗಿ ವಿಭೂತಿ ಬಳಿದುಕೊಂಡು ಇಡೀ ದಿನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. "ಸೋಮವಾರ ಎತ್ತಿನ ಹೆಗಲಿಗೆ ನೊಗ ಹಾಕಲ್ಲ ಅಂದಮೇಲೆ ನನ್ನ ನಾಲಿಗೆಗೂ ಒಂದಿನ ರಜಾ ಬ್ಯಾಡವಾ?" ಎನ್ನುತ್ತಿದ್ದಳು. ಕೇರಿಗೆಲ್ಲ ಇದು ಗೊತ್ತಿತ್ತು. ಬೋರಿಂಗಿನ ಹತ್ತಿರ ಸರತಿ ತಪ್ಪಿಸಿ ನೀರು ಹಿಡಿಯಬೇಕೆಂದಿರುವವರು ಸೋಮವಾರವೇ ಬರುತ್ತಿದ್ದರು. ಅತ್ತೆ ನೋಡಿಯೂ ನೋಡದವಳ ಹಾಗೆ ನಿಲ್ಲುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಅವರ ಬಾಗಿಲಿಗೆ ಹೋಗುತ್ತಿದ್ದಳು.

ಜನ ಅವಳನ್ನು ಜಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇದನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ಶುಭಕಾರ್ಯಕ್ಕೆ ಕರೆಯುವ ಹಾಗೆಯೇ ಎಲೆ ಅಡಿಕೆ ಹಿಡಿದು ಬರುತ್ತಿದ್ದರು. ಪಕ್ಕದ ಮನೆಯ ಗೌರಕ್ಕನ ಹಿರಿಮಗಳನ್ನು ಚೊಚ್ಚಲ ಹೆರಿಗೆಗೆ ಬಸವಾಪಟ್ಟಣದ ಅತ್ತೆಮನೆಯವರು ಕಳಿಸಲಿಲ್ಲ. ಗೌರಕ್ಕ ಎರಡು ಸಲ ಹೋಗಿ ಅತ್ತು ಬಂದಿದ್ದಳು. ನಮ್ಮ ಅತ್ತೆ ಹೋದಳು, ಅವರ ಅಂಗಳದಲ್ಲಿ ನಿಂತು ಕಾರಣ ಹೇಳಿದಳು, ಮಧ್ಯಾಹ್ನದ ಬಸ್ಸಿಗೆ ಹುಡುಗಿಯನ್ನು ಕರೆದುಕೊಂಡು ಬಂದಳು. ಅಲ್ಲಿ ಏನು ಬೈದಳೋ ನನಗೆ ಗೊತ್ತಿಲ್ಲ. ಆದರೆ ಆ ಹುಡುಗಿಯ ಅತ್ತೆ ಮಗುವಿನ ನಾಮಕರಣಕ್ಕೆ ಬಂದಾಗ ಮೊದಲು ನಮ್ಮ ಮನೆಗೇ ಬಂದು, "ಎಲ್ಲದಾಳೆ ನಮ್ಮ ಹಾಲಕ್ಕ?" ಎಂದು ಹುಡುಕಿದ್ದು ನೆನಪಿದೆ. ಎಲ್ಲರ ಎಲೆ ಅಡಿಕೆಯನ್ನೂ ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಸವಳಂಗದ ಒಬ್ಬ ಗಂಡಸು ತನ್ನ ತಮ್ಮನ ಮೇಲೆ ಜಗಳಕ್ಕೆ ಕರೆದ. ಯಾತಕ್ಕೆ ಎಂದು ಅತ್ತೆ ಕೇಳಿದಳು. ಅವನು ಒಂದು ಹೇಳಿದ, ಇನ್ನೊಂದು ಹೇಳಿದ, ಬೆವರಿದ. ಅತ್ತೆ ಎಲೆ ಅಡಿಕೆಯ ತಟ್ಟೆಯನ್ನು ಅವನ ಕಡೆಗೇ ಸರಿಸಿದಳು.

"ಇದು ಜಗಳ ಅಲ್ಲ ಕಣಪ್ಪ, ಹೊಟ್ಟೆಕಿಚ್ಚು. ಅದಕ್ಕೆ ನಾನು ಬರಲ್ಲ. ಕಾಫಿ ಕುಡಿದು ಹೋಗು."

ಇಂಥ ಮನೆಯಲ್ಲಿ ಬೆಳೆದ ನಾನು ಹತ್ತನೇ ತರಗತಿಯವರೆಗೆ ಯಾರ ಜೊತೆಯೂ ಜಗಳ ಆಡಿದವಳಲ್ಲ. ಅಪ್ಪಾಜಿಯ ಮಗಳು ಎಂದೇ ಎಲ್ಲರೂ ಅನ್ನುತ್ತಿದ್ದರು. ಆಡಿದ್ದು ಒಂದೇ ಸಲ. ನಮ್ಮ ಹೈಸ್ಕೂಲಿನಲ್ಲಿ ಶನಿವಾರ ಬೆಳಗಿನ ಶಾಲೆ. ಅವತ್ತು ಮೊದಲ ಪಿರಿಯಡ್ಡಿನಲ್ಲಿ ಹುಡುಗಿಯರು ಮೇಷ್ಟ್ರುಗಳ ಕೋಣೆ, ಜಗಲಿ, ಅಂಗಳದ ಕಸ ಹೊಡೆದು, ಕುಡಿಯುವ ನೀರು ತುಂಬಿಸಬೇಕು. ಅದೇ ಹೊತ್ತಿಗೆ ಒಳಗೆ ಹುಡುಗರಿಗೆ ಗಣಿತ ನಡೆಯುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಒಂದು ಶನಿವಾರ ನಾನು ಕಸಬರಿಗೆಯನ್ನು ಹೆಡ್‌ಮಾಸ್ತರರ ಕೋಣೆಯ ಬಾಗಿಲಿಗೆ ಒರಗಿಸಿಟ್ಟು ತರಗತಿಯೊಳಗೆ ಹೋಗಿ ಕೂತೆ. ಉಳಿದ ಆರು ಹುಡುಗಿಯರೂ ಬಂದು ಕೂತರು. ಡ್ರಿಲ್ ಮೇಷ್ಟ್ರು ಬಂದು ಗದರಿಸಿದರು, ನಾನು ಎದ್ದು ನಿಂತು ಎದುರುತ್ತರ ಕೊಟ್ಟೆ. ಏನು ಹೇಳಿದೆ ಎಂಬುದನ್ನು ಈ ನಲವತ್ತು ವರ್ಷಗಳಲ್ಲಿ ಬೇರೆ ಬೇರೆಯವರಿಗೆ ಬೇರೆ ಬೇರೆ ರೀತಿ ಹೇಳಿದ್ದೇನೆ, ಪ್ರತಿ ಸಲವೂ ಸ್ವಲ್ಪ ಚೆನ್ನಾಗಿ. ದಿನಚರಿಯಲ್ಲಿ ಇರುವುದು "ಕೂಗಿದೆ" ಎಂಬ ಒಂದೇ ಪದ.

ಫಲಿತಾಂಶ ಬಂದದ್ದು ಬೇಸಿಗೆ ರಜದಲ್ಲಿ. ಫಸ್ಟ್ ಕ್ಲಾಸು. ದಾವಣಗೆರೆಯ ಕಾಲೇಜಿಗೆ ಸೇರುವುದು, ಅಲ್ಲಿನ ಹುಡುಗಿಯರ ಉಚಿತ ಹಾಸ್ಟೆಲಿನಲ್ಲಿ ಇರುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಸ್ಟೆಲು ಸಿಗದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಬೇರೆ ದಾರಿ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಅರ್ಜಿಗೆ ಬುಧವಾರ ಕೊನೆಯ ದಿನ. ಶುಕ್ರವಾರ ಸಂಜೆ ಶಾಲೆಯ ಗುಮಾಸ್ತರು ಅಂಕಪಟ್ಟಿ, ವರ್ಗಾವಣೆ ಪತ್ರ, ನಡತೆ ಪತ್ರ ಮೂರನ್ನೂ ಒಂದು ಕವರಿನಲ್ಲಿಟ್ಟು ಕೊಟ್ಟರು. ಮನೆಗೆ ಬಂದು ಅಪ್ಪಾಜಿಯ ಮೇಜಿನ ಮೇಲೆ ಬಿಚ್ಚಿದೆವು. ನಡತೆ ಎಂಬ ಜಾಗದಲ್ಲಿ, ಎಲ್ಲರಿಗೂ "ಗುಡ್" ಎಂದು ಬರೆಯುವಲ್ಲಿ, ಹೆಡ್‌ಮಾಸ್ತರರ ದುಂಡನೆಯ ಅಕ್ಷರದಲ್ಲಿ "ಕ್ವಾರಲ್ಸಮ್" ಎಂದಿತ್ತು. ಆ ಪದವನ್ನು ನಾನು ಅದುವರೆಗೆ ಓದಿರಲಿಲ್ಲ. ಅಪ್ಪಾಜಿ ಹಳೆಯ ಡಿಕ್ಷನರಿ ತೆಗೆದು, ಬೆರಳಿಟ್ಟು ಹುಡುಕಿ, ಅರ್ಥವನ್ನು ಎರಡು ಸಲ ಓದಿದರು.

"ಏನಂತೈತೆ ತಮ್ಮಾ?" ಎಂದಳು ಅತ್ತೆ, ನಡುಮನೆಯಿಂದ.

"ಜಗಳಗಂಟಿ ಅಂತ."

"ಯಾರು?"

"ನಮ್ಮ ಗಿರಿಜ."

ಅತ್ತೆ ಬಂದು ಆ ಕಾಗದವನ್ನು ಕೈಗೆ ತೆಗೆದುಕೊಂಡಳು. ಅವಳಿಗೆ ಓದಲು ಬಾರದು. ಆದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇಷ್ಟೇನಾ? ಯಾತಕ್ಕೆ ಅಂತ ಬರೆದಿಲ್ವಾ?"

"ಅದನ್ನೆಲ್ಲ ಬರೆಯಲ್ಲ ಅಕ್ಕ."

"ಯಾತಕ್ಕೆ ಅಂತ ಬರೀದೆ ಬರೀ ಜಗಳಗಂಟಿ ಅಂತ ಬರೆಯಾಕೆ ಬರತೈತಾ?"

ಅಪ್ಪಾಜಿ ಡಿಕ್ಷನರಿ ಮುಚ್ಚಿಟ್ಟರು. ಕಾಗದದ ಮೇಲೆ ಬಂದದ್ದರ ಭಾರ ಅವರಷ್ಟು ಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಹೆಡ್‌ಮಾಸ್ತರರು ಶಿವಮೊಗ್ಗೆಗೆ ಹೋಗಿದ್ದಾರೆ, ಭಾನುವಾರ ಸಂಜೆ ಬರುತ್ತಾರೆ, ಸೋಮವಾರ ಒಂದು ದಿನ ಶಾಲೆಯಲ್ಲಿರುತ್ತಾರೆ, ಮಂಗಳವಾರ ಮೊದಲ ಬಸ್ಸಿಗೆ ತಮ್ಮ ಊರಿಗೆ ಹೊರಟರೆ ಇನ್ನು ಶಾಲೆ ತೆರೆಯುವಾಗಲೇ ಎಂದು ಗುಮಾಸ್ತರು ಹೇಳಿದ್ದರು. ಸಿಗುವುದು ಸೋಮವಾರ ಒಂದೇ. ಇದು ಕೇರಿಗೆಲ್ಲ ಗೊತ್ತಾಯಿತು. ಗೌರಕ್ಕ ಬಂದು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಳು.

"ಸೋಮವಾರ ಹೋಗಿ ಏನು ಮಾಡ್ತೀಯೆ ಹಾಲಕ್ಕ? ಕುಡುಗೋಲು ಮನೇಲಿಟ್ಟು ಸುಗ್ಗಿಗೆ ಹೋದಂಗೆ ಆಗತೈತೆ. ಮಗಳ ಸಲುವಾಗಿ ಒಂದು ವಾರ ಬಿಟ್ಟರೆ ದೇವರು ಏನಂದಾನು?"

"ದೇವರು ಏನೂ ಅನ್ನಲ್ಲ. ಆಮೇಲೆ ನನ್ನ ಜಗಳಕ್ಕೆ ಬೆಲೆ ಇರಲ್ಲ" ಎಂದಳು ಅತ್ತೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಡೆದದ್ದನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದನ್ನು ಅಂದೇ ಒಂದೂವರೆ ಪುಟ ಬರೆದಿದ್ದೇನೆ. ಗುರೆಳ್ಳು ಚಟ್ನಿಪುಡಿ, ರೊಟ್ಟಿ, ಬದನೆಕಾಯಿ ಪಲ್ಯ. ಅಪ್ಪಾಜಿ ತಿನ್ನುತ್ತಿರಲಿಲ್ಲ. ತಟ್ಟೆ ನೋಡಿಕೊಂಡೇ ಹೇಳಿದರು.

"ಜಗಳೂರಾಗೆ ಪಂಚಾಯ್ತಿ ಕೂತಾಗ, ಗಂಡನ ಮನೆಯಿಂದ ನಿನ್ನ ಕಳಿಸಿದ ಆ ಕಾಗದ ಬರೆದೋನು ನಾನೇ ಅಕ್ಕ. ಅಲ್ಲಿದ್ದೋರಲ್ಲಿ ಬರಹ ಬಲ್ಲೋನು ನಾನೊಬ್ಬನೇ. 'ಸದರಿ ಹೆಣ್ಣುಮಗಳು ಜಗಳಗಂಟಿ ಆಗಿರುವುದರಿಂದ' ಅಂತ ಹೇಳಿದ್ರು, ನಾನು ಬರೆದೆ. ನಾನು ಬರೆದ ಮೊದಲನೇ ಪತ್ರ ಅದು. ಯಾತಕ್ಕೆ ಜಗಳ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಅತ್ತೆ ಮಾತ್ರ ಚಟ್ನಿಪುಡಿಗೆ ಎಣ್ಣೆ ಕಲಸುತ್ತಲೇ ಇದ್ದಳು.

"ಹದಿನೆಂಟು ವರ್ಷದ ಹುಡುಗ ನೀನವಾಗ. ತಿನ್ನು, ಆರತೈತೆ."

"ಯಾತಕ್ಕೆ ಅತ್ತೆ, ಅವತ್ತಿನ ಜಗಳ?" ಎಂದೆ ನಾನು.

"ಕೇಳೋ ಹೊತ್ತಿನಾಗೆ ಯಾರೂ ಕೇಳಲಿಲ್ಲ ಕಣವ್ವ. ಈಗ ಹೇಳಿದ್ರೆ ಅದು ಕಥೆ ಆಗತೈತೆ."

ಆ ಒಂದು ಕಾರಣವನ್ನು ಅವಳು ಕೊನೆಯವರೆಗೂ ಹೇಳಲಿಲ್ಲ.

ಸೋಮವಾರ ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ವಿಭೂತಿ ಧರಿಸಿ, ಉಪವಾಸದಲ್ಲೇ ಹೊರಟಳು. ಜೊತೆಗೆ ನಾನು. ಅಪ್ಪಾಜಿ ಶಾಲೆಯ ಗೇಟಿನ ಬೇವಿನ ಮರದ ಕೆಳಗೆ ಕೊಡೆ ಹಿಡಿದು ನಿಂತಿದ್ದರೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ತಾವು ಅಂದು ಎಂದಿನಂತೆ ಹೊನ್ನಾಳಿಗೆ ಹೋಗಿದ್ದುದಾಗಿ ಅವರು ಮುಪ್ಪಿನಲ್ಲಿ ಹೇಳಿದರು. ದಿನಚರಿ ಈ ಬಗ್ಗೆ ಏನೂ ಹೇಳುವುದಿಲ್ಲ. ಅವರನ್ನು ಅಲ್ಲಿ ನಿಲ್ಲಿಸಿದ್ದು ನನ್ನ ಆಸೆಯೇ ಇರಬಹುದು. ಹೆಡ್‌ಮಾಸ್ತರರ ಕೋಣೆಯಲ್ಲಿ ಸಿದ್ಧತೆಯಾಗಿತ್ತು. ಒಂದು ಪಕ್ಕ ಡ್ರಿಲ್ ಮೇಷ್ಟ್ರು ಕೈಕಟ್ಟಿ ನಿಂತಿದ್ದರು, ಬಾಗಿಲಲ್ಲಿ ಜವಾನ. ಅತ್ತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಕೈ ಮುಗಿದಳು.

"ನಮಸ್ಕಾರ ಸಾರ್. ನಾನು ಗಿರಿಜನ ಸೋದರತ್ತೆ."

"ಗೊತ್ತಮ್ಮ, ಊರಿಗೇ ಗೊತ್ತು. ಮೊದಲೇ ಹೇಳ್ತೀನಿ, ಬರೆದದ್ದು ಬರೆದಂಗೆ. ಇಲ್ಲಿ ಗಲಾಟೆ ಮಾಡಿದ್ರೆ ಸರಿ ಇರಲ್ಲ."

"ಇವತ್ತು ಸೋಮವಾರ ಸಾರ್. ಗಲಾಟೆ ಇಲ್ಲ. ನಾನು ಅರ್ಥ ಕೇಳಾಕೆ ಬಂದೀನಿ."

"ಯಾತರ ಅರ್ಥ?"

"ನೀವು ಬರೆದೀರಲ್ಲ, ಆ ಪದದ್ದು. ನಾನು ಓದಿದೋಳಲ್ಲ. ನಮ್ಮ ತಮ್ಮ ಪುಸ್ತಕ ನೋಡಿ ಜಗಳಗಂಟಿ ಅಂದ. ಅಷ್ಟೇನಾ, ಇನ್ನೂ ಏನಾರ ಐತಾ?"

ಹೆಡ್‌ಮಾಸ್ತರರು ಇಂಗ್ಲೀಷು ಕಲಿಸುತ್ತಿದ್ದವರು. ಅಂಥ ಇಂಗ್ಲೀಷು ಪಾಠವನ್ನು ಆಮೇಲೆ ವಿಶ್ವವಿದ್ಯಾಲಯದಲ್ಲೂ ನಾನು ಹೆಚ್ಚು ಕೇಳಲಿಲ್ಲ. ಅವರಿಗೆ ಪದದ ಅರ್ಥ ಕೇಳಿದರೆ ಕೇಳಿದವರು ಯಾರು ಎಂಬುದು ಮರೆತುಹೋಗುತ್ತಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಕ್ವಾರಲ್ ಅಂದ್ರೆ ಜಗಳ. ಒಂದು ಹೊತ್ತಿಂದು. ಅದು ಯಾರಿಗಾದ್ರೂ ಬರ್ತದೆ. ಕ್ವಾರಲ್ಸಮ್ ಅಂದ್ರೆ ಸ್ವಭಾವ. ಸಣ್ಣದು ದೊಡ್ಡದು ನೋಡದೆ, ಕಾರಣ ಇರಲಿ ಬಿಡಲಿ, ಪದೇ ಪದೇ ಜಗಳ ತೆಗೆಯೋರಿಗೆ ಹೇಳ್ತಾರೆ."

"ಹಾಯೋ ದನಕ್ಕೆ ಹೇಳ್ತಾರಾ?"

"ದನಕ್ಕೆ ಹೇಳಲ್ಲ. ಗುಬ್ಬಿಗಳು ಕಿತ್ತಾಡ್ತಾವಲ್ಲ, ಅದಕ್ಕೆ ಬೇಕಾದ್ರೆ ಹೇಳಬಹುದು. ಹೆಚ್ಚಾಗಿ ಮನುಷ್ಯರಿಗೆ."

"ಗಂಡಸರಿಗೆ?"

"ಅವರಿಗೂ. ಯಾಕ್ ಹೇಳಬಾರದು?"

"ಮಾತೆತ್ತಿದ್ರೆ ಕೋರ್ಟಿಗೆ ಹೋಗ್ತಾರಲ್ಲ, ಅಂಥೋರಿಗೆ?"

"ಅದಕ್ಕೆ ಬೇರೆ ಪದ ಐತೆ." ಅವರ ಮುಖದಲ್ಲಿ ತರಗತಿಯ ಕಳೆ ಬಂದಿತ್ತು. "ಹೊಡೆದಾಟಕ್ಕೇ ನಿಲ್ಲೋರಿಗೆ ಒಂದು, ವಯಸ್ಸಾಗಿ ಸಿಡುಸಿಡು ಅನ್ನೋರಿಗೆ ಇನ್ನೊಂದು, ಎದುರು ಮಾತಾಡೋರಿಗೆ ಮತ್ತೊಂದು. ಜಗಳ ಆಡೋರಿಗೇ ಹತ್ತಾರು ಪದ ಅದಾವೆ ಇಂಗ್ಲೀಷಿನಾಗೆ."

"ಅಷ್ಟು ಇದ್ದೂ ಇದನ್ನೇ ಆರಿಸಿದ್ರಲ್ಲ ಸಾರ್. ಇವಳು ಮೂರು ವರ್ಷದಾಗೆ ಎಷ್ಟು ಸಲ ಜಗಳ ತೆಗೆದ್ಲು?"

ಹೆಡ್‌ಮಾಸ್ತರರು ಡ್ರಿಲ್ ಮೇಷ್ಟ್ರ ಕಡೆ ನೋಡಿದರು. ಡ್ರಿಲ್ ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

"ಒಂದು ಸಲ."

"ಯಾತಕ್ಕೆ?"

"ಕಸ ಹೊಡೆಯಲ್ಲ ಅಂತ" ಎಂದರು ಡ್ರಿಲ್ ಮೇಷ್ಟ್ರು.

"ಯಾತಕ್ಕೆ ಹೊಡೆಯಲ್ಲ ಅಂದ್ಲು?"

ಡ್ರಿಲ್ ಮೇಷ್ಟ್ರು ಮತ್ತೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ಹೆಡ್‌ಮಾಸ್ತರರೇ ಹೇಳಿದರು. "ಗಣಿತದ ಪಿರಿಯಡ್ಡು ತಪ್ಪತೈತೆ ಅಂತ."

"ಹಂಗಾದ್ರೆ ಕಾರಣ ಇತ್ತು. ಆಡಿದ್ದೂ ಒಂದೇ ಸಲ. ಅರ್ಥ ನೀವೇ ಹೇಳಿಕೊಟ್ರಿ. ಆ ಪದ ಇವಳಿಗೆ ಹೊಂದತೈತಾ, ಹೊಂದಲ್ವಾ? ನನಗೆ ತಿಳಿಯಲ್ಲ. ಬಲ್ಲೋರು ನೀವು, ಹೇಳ್ರಿ."

ಅವಳ ದನಿ ಒಂದು ಸಲವೂ ಏರಲಿಲ್ಲ. ಎಷ್ಟು ತಗ್ಗಿತ್ತೆಂದರೆ ಕೇಳಿಸಿಕೊಳ್ಳಲು ಜವಾನ ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದಿದ್ದ. ಹೆಡ್‌ಮಾಸ್ತರರನ್ನು ಅನ್ಯಾಯ ಮಾಡಿದಿರಿ ಎಂದು ಯಾರಾದರೂ ಬೈದಿದ್ದರೆ ಅವರು ತಿರುಗಿ ಬೈಯುತ್ತಿದ್ದರು, ಪತ್ರ ಹಾಗೇ ಉಳಿಯುತ್ತಿತ್ತು. ತಪ್ಪಾಗಿ ಬಳಸಿದ ಒಂದು ಪದದ ಕೆಳಗೆ ತಮ್ಮ ಸಹಿ ಇರುವುದನ್ನು ಮಾತ್ರ ಅವರಿಂದ ಸಹಿಸಲಾಗಲಿಲ್ಲ. ನಾನು ಅಧ್ಯಾಪಕಿಯಾದ ಮೇಲೆ, ಒಪ್ಪಿಕೊಳ್ಳಬೇಕಾದ ತಪ್ಪು ಎದುರಾದಾಗಲೆಲ್ಲ, ಅವರು ಅಂದು ಕನ್ನಡಕ ಹಾಕಿಕೊಂಡು ನನ್ನ ಕಡೆ ನೋಡಿದ ರೀತಿ ನೆನಪಾಗುತ್ತದೆ.

"ಇಲ್ಲ. ಹೊಂದಲ್ಲ" ಎಂದರು. "ಏನು ಬರೀಲಿ ಹಂಗಾದ್ರೆ?"

"ಹೊಂದೋದನ್ನ ಬರೀರಿ. ಇಲ್ಲಾಂದ್ರೆ ಅದನ್ನೇ ಇಟ್ಟು, ಯಾತಕ್ಕೆ ಅಂತ ಕೆಳಗೆ ಬರೀರಿ. ಎರಡೂ ನಮಗೆ ಒಪ್ಪಿಗೆ."

ಹೆಡ್‌ಮಾಸ್ತರರು ಹೊಸ ಕಾಗದ ತೆಗೆದು "ಗುಡ್" ಎಂದು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟರು. ನಾವು ಎದ್ದಾಗ ಅವರಿಗೆ ನಿರಾಳವಾಗಿತ್ತು.

"ನೀವು ಜಗಳ ಆಡೋರು ಅಂತ ಹೆದರಿಸಿದ್ರಲ್ಲಮ್ಮ ಎಲ್ಲಾರೂ. ಏನೂ ಆಡಲಿಲ್ಲ."

"ಇವತ್ತು ಸೋಮವಾರ ಸಾರ್" ಎಂದಳು ಅತ್ತೆ.

ಅದನ್ನು ಮೊದಲೇ ಹೇಳಿದ್ದಳಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ದಾವಣಗೆರೆಯ ಮೊದಲ ಬಸ್ಸಿಗೆ ಅಪ್ಪಾಜಿ ಮತ್ತು ನಾನು ಹೊರಟೆವು. ಅತ್ತೆ ಬಸ್ ಸ್ಟ್ಯಾಂಡಿನವರೆಗೆ ಬಂದಳು. ಕೈಯಲ್ಲಿ ಬಾಳೆಲೆ ಮುಚ್ಚಿದ ಒಂದು ಚೊಂಬು. ದಾರಿಗೆ ನಮಗೆ ಏನೋ ತಂದಿದ್ದಾಳೆ ಎಂದು ಭಾವಿಸಿದೆ. ಬಸ್ಸು ಹತ್ತಿದಾಗ ಡ್ರೈವರ್ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಹೆಡ್‌ಮಾಸ್ತರರು ಕೂತಿದ್ದರು. ಅಪ್ಪಾಜಿ ನಮಸ್ಕಾರ ಮಾಡಿ ಅವರ ಹಿಂದಿನ ಸೀಟಿನಲ್ಲಿ ಕೂತರು. ಅತ್ತೆ ಹೊರಗೆ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಚೊಂಬನ್ನು ಇಟ್ಟಳು. ಸೆರಗು ಸಿಕ್ಕಿಸಿದಳು. ಕಟ್ಟೆಗೆ ಮೂರು ಮೆಟ್ಟಿಲಿತ್ತು, ಅವಳು ನಡುವಿನದರ ಮೇಲೆ ನಿಂತಳು.

"ಸಾರ್, ಇವತ್ತು ಮಂಗಳವಾರ."

"ಹೌದಮ್ಮ" ಎಂದರು ಹೆಡ್‌ಮಾಸ್ತರರು ನಗುತ್ತ. ಆಮೇಲೆ ನಗು ನಿಂತಿತು.

"ಯಾತಕ್ಕೆ ಅಂತ ಮೊದಲು ಹೇಳ್ತೀನಿ. ಎಲ್ಲಾರೂ ಕೇಳ್ರಿ. ಈ ಊರ ಹೈಸ್ಕೂಲಾಗೆ ಶನಿವಾರ ಹೆಣ್ಣುಹುಡುಗ್ರು ಹೊರಗೆ ಕಸ ಹೊಡೀತಾರೆ. ಅದೇ ಹೊತ್ತಿಗೆ ಒಳಗೆ ಗಂಡುಹುಡುಗ್ರಿಗೆ ಲೆಕ್ಕದ ಪಾಠ ಆಗತೈತೆ. ಇದಕ್ಕೆ ನನ್ನ ಜಗಳ."

ಆಮೇಲೆ ದನಿ ಏರಿತು. ಹಿಂದಿನ ದಿನವಿಡೀ ರಜೆಯಲ್ಲಿದ್ದ ನಾಲಿಗೆ ಅದು.

"ಕಸಬರಿಗೆಗೆ ಗಂಡು ಹೆಣ್ಣು ಗೊತ್ತೈತೇನ್ರಿ ಸಾರ್? ನಿಮ್ಮ ಡ್ರಿಲ್ ಮೇಷ್ಟ್ರು ಹುಡುಗ್ರ ಕೈಲಿ ಗುಂಡೆಸೆಯಾಕೆ ಹಚ್ತಾರಲ್ಲ, ಅದಕ್ಕಿಂತ ಭಾರನಾ ಕಸಬರಿಗೆ? ನಾಳೆ ಈ ಹೆಣ್ಣುಹುಡುಗ್ರು ಸಂತೇಗೆ ಹೋಗಿ ತಕ್ಕಡಿಯೋನ ಮುಂದೆ ನಿಂತು ಪಿಳಿಪಿಳಿ ನೋಡ್ತಾರಲ್ಲ, ಆವಾಗ ನೀವು ಬಂದು ಲೆಕ್ಕ ಹೇಳ್ತೀರಾ? ಹೊಡೆದ ಕಸದಾಗೆ ಅವರ ಪಾಠಾನೂ ಗುಡಿಸಿ ತಿಪ್ಪೇಗೆ ಹಾಕಿದ್ರಿ. ಪದಕ್ಕೆ ಅಷ್ಟು ಅರ್ಥ ಬಲ್ಲೋರು, ಇದರ ಅರ್ಥ ನಿಮಗೆ ಹೊಳೀಲಿಲ್ವಾ?"

"ಅಮ್ಮಾರೆ, ಟೈಮಾತು" ಎಂದ ಕಂಡಕ್ಟರ್, ಸೀಟಿ ಬಾಯಿಗಿಟ್ಟು.

"ನಿನ್ನ ಬಸ್ಸು ದಿನಾ ಕಾಲು ಗಂಟೆ ತಡ ಬರತೈತಲ್ಲ, ನಾನು ಯಾವತ್ತಾರ ಕೇಳೀನಾ? ಸೀಟಿ ಕೆಳಗಿಳಿಸು."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಸೀಟಿ ಕೆಳಗಿಳಿಸಿದ. ಹೆಡ್‌ಮಾಸ್ತರರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಶಾಲೆ ತೆರೆದ ಮೇಲೆ ಬದಲಾಯಿಸ್ತೀನಿ ಕಣಮ್ಮ."

"ಯಾವತ್ತು?"

"ಮೊದಲನೇ ಶನಿವಾರ."

"ಆತು" ಎಂದಳು ಅತ್ತೆ. ಸೆರಗು ಬಿಚ್ಚಿ ಮುಖ ಒರೆಸಿಕೊಂಡು, ಕಟ್ಟೆಯ ಮೇಲಿದ್ದ ಚೊಂಬನ್ನು ಎತ್ತಿ, ಬಾಳೆಲೆ ತೆಗೆದು, ಕಿಟಕಿಗೆ ಕೊಟ್ಟಳು. "ದೀಪ ಹಚ್ಚೋ ಹೊತ್ತಿಗೆ ನೀವು ನಿಮ್ಮೂರಾಗೆ ಇರ್ತೀರಿ. ಅದಕ್ಕೆ ಈಗಲೇ ತಂದೆ. ಉಪ್ಪು, ಕರಿಬೇವು ಹಾಕೀನಿ."

ಅಂದರೆ ಮನೆಯಿಂದ ಹೊರಡುವಾಗಲೇ ಅವಳು ಜಗಳವನ್ನೂ ಅದರ ಮುಕ್ತಾಯವನ್ನೂ ಒಟ್ಟಿಗೆ ತಂದಿದ್ದಳು. ಹೆಡ್‌ಮಾಸ್ತರರು ಅರ್ಧ ಕುಡಿದು ಹಿಂದಕ್ಕೆ ಅಪ್ಪಾಜಿಗೆ ಕೊಟ್ಟರು. ಅಪ್ಪಾಜಿ ಕುಡಿದು ನನಗೆ ಕೊಟ್ಟರು. ಬಸ್ಸು ಹೊರಟಿತು. ಚೊಂಬು ನಮ್ಮ ಜೊತೆಯೇ ಬಂದುಬಿಟ್ಟಿತು. ದಾವಣಗೆರೆಯಲ್ಲಿ ಇಳಿಯುವಾಗ ಹೆಡ್‌ಮಾಸ್ತರರು ಅದನ್ನು ತಾವೇ ಇಟ್ಟುಕೊಂಡರು. ನನಗೆ ಹಾಸ್ಟೆಲು ಸಿಕ್ಕಿತು. ದಸರಾ ರಜಕ್ಕೆ ಊರಿಗೆ ಬಂದಾಗ ಗೌರಕ್ಕನ ಚಿಕ್ಕ ಮಗಳು ಹೇಳಿದಳು: ಈಗ ಒಂದು ಶನಿವಾರ ಹುಡುಗರು, ಒಂದು ಶನಿವಾರ ಹುಡುಗಿಯರು, ಅದೂ ಪಾಠ ಎಲ್ಲ ಮುಗಿದ ಮೇಲೆ. ಚೊಂಬು ನಮ್ಮ ನಡುಮನೆಯ ಗೂಡಿಗೆ ವಾಪಸು ಬಂದಿತ್ತು. ಬರಿದಾಗಿ ಕೊಡಬಾರದೆಂದು ಹೆಡ್‌ಮಾಸ್ತರರು ಅದರಲ್ಲಿ ಸಕ್ಕರೆ ತುಂಬಿ, ತಾವೇ ಬಂದು ಕೊಟ್ಟುಹೋಗಿದ್ದರಂತೆ.

ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ನನ್ನ ವಿದ್ಯಾರ್ಥಿನಿಯರಿಗೆ ಹೇಳಿದ್ದೇನೆ, ಸಭೆಗಳಲ್ಲಿ ಹೇಳಿದ್ದೇನೆ. ಹೇಳುವಾಗಲೆಲ್ಲ ನಾನು ಆ ಬಸ್ಸಿನ ಕಿಟಕಿಯಿಂದ ಹೊರಗೆ ಬಾಗಿ, ಹೆಮ್ಮೆಯಿಂದ ಅತ್ತೆಯನ್ನೇ ನೋಡುತ್ತಿರುತ್ತೇನೆ, ಮಜ್ಜಿಗೆಯನ್ನು ಕೊನೆಯ ಹನಿಯವರೆಗೂ ಕುಡಿಯುತ್ತೇನೆ. ಹಾಗೇ ನೆನಪಿದೆ ನನಗೆ. ಈಗ ಇದನ್ನು ಬರೆಯಲು ಕೂತಾಗ ಆ ವರ್ಷದ ದಿನಚರಿಯನ್ನು ಹುಡುಕಿ ತೆಗೆದೆ. ಅಂದಿನ ಪುಟದಲ್ಲಿ ಇರುವುದು ಇಷ್ಟು:

"ಮಂಗಳವಾರ. ದಾವಣಗೆರೆಗೆ ಹೋಗಿ ಅರ್ಜಿ ಕೊಟ್ಟೆವು. ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಎಲ್ಲರ ಮುಂದೆ ಜಗಳ ಆಡಿದಳು. ನಾಚಿಕೆಯಿಂದ ತಲೆ ಎತ್ತಲಿಲ್ಲ. ಮಜ್ಜಿಗೆ ಬೇಡ ಅಂದೆ."

ಮುಂದೆ ಮುಕ್ಕಾಲು ಪುಟ ಖಾಲಿ ಇದೆ. ಯಾತಕ್ಕೆ ಎಂದು ನಾನೂ ಬರೆದಿರಲಿಲ್ಲ.